ಅತ್ತಿಗೆಯ ಗೂಡುದೀಪಗಳು

ನಮ್ಮ ಅತ್ತಿಗೆ ಪುಟ್ಟ ಮಕ್ಕಳ ಟೀಚರು. ಅವರ ಬೆರಳ ತುದಿಯಲ್ಲಿ ಸದಾ ಗೋಂದು ಒಣಗಿರುತ್ತದೆ, ಕೂದಲಲ್ಲಿ ಬಣ್ಣದ ಕಾಗದದ ಚೂರು ಸಿಕ್ಕಿಕೊಂಡಿರುತ್ತದೆ. ಒಮ್ಮೆ ನಮ್ಮಣ್ಣ ಊಟದ ತಟ್ಟೆಯಲ್ಲಿದ್ದ ಹಸಿರು ಚೂರೊಂದನ್ನು ಸೊಪ್ಪು ಅಂದುಕೊಂಡು ನುಂಗಿಬಿಟ್ಟ. ನುಂಗಿದ ಮೇಲೆ ಉಪ್ಪು ಕಮ್ಮಿ ಅಂತಲೂ ಹೇಳಿದ. ನಾನು ಅದೇ ಶಾಲೆಯಲ್ಲಿ ಹಾಡು ಕಲಿಸುತ್ತೇನೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಅತ್ತಿಗೆಗೆ ಸಿಟ್ಟು ಬಂದದ್ದನ್ನು ಕಂಡವರಿಲ್ಲ. ಹೀಗಾಗಿ ಮಕ್ಕಳು ಅವರ ಹಿಂದೆ, ನಾನು ಮಕ್ಕಳ ಹಿಂದೆ.

ಅತ್ತಿಗೆಗೆ ಕತ್ತಲಲ್ಲಿ ಕಣ್ಣು ಕಾಣಿಸುವುದಿಲ್ಲ. ಬಿಸಿಲಿದ್ದಾಗ ಸೂಜಿಗೆ ದಾರ ಪೋಣಿಸುವ ಹೆಂಗಸು, ಹೊತ್ತು ಮುಳುಗಿದರೆ ಎದುರಿನ ಗೋಡೆಗೇ ಹಣೆ ಬಡಿದುಕೊಳ್ಳುತ್ತಾರೆ. ದೀಪ ಉರಿಯುತ್ತಿದ್ದರೆ ದೀಪವಷ್ಟೇ ಕಾಣುತ್ತದೆ, ಅದರ ಸುತ್ತ ಏನಿದೆ ಎಂದು ಕಾಣದು. ಇದು ಗೊತ್ತಿದ್ದದ್ದು ನನಗೊಬ್ಬಳಿಗೆ. ಕಣ್ಣಿನ ಡಾಕ್ಟರ ಹತ್ತಿರ ಗುಟ್ಟಾಗಿ ಕರೆದುಕೊಂಡು ಹೋದವಳೂ ನಾನೇ. ಇದು ರಕ್ತದಲ್ಲಿ ಬಂದದ್ದು, ನಿಧಾನವಾಗಿ ಹೆಚ್ಚುತ್ತದೆ, ಎಷ್ಟು ನಿಧಾನ ಎಂದು ಹೇಳಲಾಗುವುದಿಲ್ಲ ಎಂದರು ಅವರು. ಅಂದಿನಿಂದ ಸಂಜೆ ಶಾಲೆಯಿಂದ ಮನೆಗೆ ಬರುವಾಗ ನಾನು ಒಂದೆರಡು ಹೆಜ್ಜೆ ಮುಂದೆ ಹಾಡುತ್ತಾ ನಡೆಯುತ್ತೇನೆ, ಅತ್ತಿಗೆ ನನ್ನ ದನಿ ಹಿಡಿದು ಹಿಂದೆ ಬರುತ್ತಾರೆ. ಗುಂಡಿ ಬಂದರೆ ದನಿ ಏರಿಸುತ್ತೇನೆ, ಮೆಟ್ಟಿಲು ಬಂದರೆ ತಗ್ಗಿಸುತ್ತೇನೆ. ಕೈ ಹಿಡಿದುಕೊಳ್ಳಿ ಎಂದರೆ ಒಪ್ಪುವವರಲ್ಲ. ನೋಡಿದವರು ಏನಂದುಕೊಳ್ಳುತ್ತಾರೆ ಎಂಬ ಹೆದರಿಕೆ. ಬೀದಿಯವರು ನನ್ನನ್ನು ಹಾಡಿನ ಹುಚ್ಚಿ ಅಂದುಕೊಂಡಿದ್ದಾರೆ, ಅದಕ್ಕೆ ಮಾತ್ರ ಅವರಿಗೇನೂ ಹೆದರಿಕೆಯಿಲ್ಲ.

ಅವರ ಹೆದರಿಕೆಗೆ ಕಾರಣವಿತ್ತು. ಅವರ ಅಮ್ಮನಿಗೂ ಹೀಗೇ ಆಗಿತ್ತು. ವಿಷಯ ತಿಳಿದ ದಿನದಿಂದ ಮನೆಮಂದಿ ಆಕೆಯ ಕೈಯಿಂದ ಒಂದೊಂದೇ ಕೆಲಸ ತೆಗೆದುಕೊಂಡರು. ಮೊದಲು ಚಾಕು, ಆಮೇಲೆ ಒಲೆ, ಆಮೇಲೆ ಮೊಮ್ಮಕ್ಕಳು. "ನೀನು ಕೂತ್ಕೋಮ್ಮ, ನಾವು ಮಾಡ್ತೀವಿ" ಎಂದು ಎಲ್ಲರೂ ಪ್ರೀತಿಯಿಂದಲೇ ಅಂದರು. ಕಣ್ಣು ಪೂರ್ತಿ ಹೋಗುವುದಕ್ಕೆ ಎಷ್ಟೋ ಮುಂಚೆಯೇ ಆಕೆ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತುಬಿಟ್ಟರು.

"ನನ್ನನ್ನೂ ಹಾಗೇ ಕೂರಿಸ್ತಾರೆ ಕಣೆ," ಎನ್ನುತ್ತಿದ್ದರು ಅತ್ತಿಗೆ. "ಹೇಳಿದ ದಿನಾನೇ ಮಕ್ಕಳನ್ನ ನನ್ನ ಕೈಯಿಂದ ತಗೋತಾರೆ."

"ಒಂದು ಮಗೂಗೆ ಏನಾದ್ರೂ ಆದ್ರೆ?" ಎಂದು ನಾನು ಕೇಳುತ್ತಿದ್ದೆ. ಆ ಪ್ರಶ್ನೆಯನ್ನು ನನಗಿಂತ ಮೊದಲೇ ಅವರು ಕೇಳಿಕೊಂಡಿರುತ್ತಿದ್ದರು. ರಾತ್ರಿ ನಿದ್ದೆಯಲ್ಲಿ ಮಕ್ಕಳನ್ನು ಹೆಸರು ಹಿಡಿದು ಕೂಗುತ್ತಾಳೆ ಎಂದು ನಮ್ಮಣ್ಣ ನನ್ನ ಹತ್ತಿರ ದೂರು ಹೇಳಿದ್ದ.

ಆ ವಾರ ತರಗತಿಯಲ್ಲಿ ಚೀನಾ ದೇಶದ ಪಾಠ. ಅತ್ತಿಗೆ ಕೆಂಪು ಕಾಗದದ ಕಟ್ಟು ಬಿಚ್ಚಿ, ಮಕ್ಕಳನ್ನು ಕಿಟಕಿಯ ಬೆಳಕಿಗೆ ಕೂರಿಸಿಕೊಂಡು ಹೇಳುತ್ತಿದ್ದರು: "ಅಲ್ಲಿ ಹೊಸ ವರ್ಷದ ಮೊದಲ ಹುಣ್ಣಿಮೆಗೆ ಬೀದಿ ತುಂಬ ಗೂಡುದೀಪ ತೂಗುಹಾಕ್ತಾರೆ. ಕೆಂಪು ಅಂದ್ರೆ ಅವರಿಗೆ ಸಂತೋಷದ ಬಣ್ಣ. ನಿಮ್ಮಂಥ ಮಕ್ಕಳು ಕೈಯಲ್ಲಿ ದೀಪ ಹಿಡ್ಕೊಂಡು ಸುತ್ತಾಡ್ತಾರೆ."

"ಕತ್ತಲಲ್ಲೇನಾ ಮಿಸ್?" ಎಂದಳು ಒಬ್ಬಳು. ಅವಳನ್ನು ಎಲ್ಲರೂ ಕಚಕ್ ಎಂದು ಕರೆಯುತ್ತಿದ್ದರು, ಯಾಕೆಂದು ಈಗ ಹೇಳುತ್ತೇನೆ.

"ಹೂಂ, ಕತ್ತಲಲ್ಲೇ."

"ಭಯ ಆಗಲ್ವಾ?"

"ಕೈಯಲ್ಲಿ ದೀಪ ಇರುತ್ತಲ್ಲ ಪುಟ್ಟಿ, ಭಯ ಯಾಕೆ?"

ನಾನು ಬಾಗಿಲಲ್ಲಿ ನಿಂತು ಕೇಳುತ್ತಿದ್ದೆ. ಅತ್ತಿಗೆ ತಲೆ ತಗ್ಗಿಸಿ ಕಾಗದ ಮಡಚತೊಡಗಿದರು.

ಈ ಗೂಡುದೀಪ ಮಾಡುವುದು ಸುಲಭ, ಕೆಡಿಸುವುದು ಇನ್ನೂ ಸುಲಭ. ಕಾಗದವನ್ನು ಉದ್ದಕ್ಕೆ ಎರಡಾಗಿ ಮಡಚಬೇಕು. ಮಡಿಕೆಯ ಕಡೆಯಿಂದ ಪಟ್ಟಿ ಪಟ್ಟಿಯಾಗಿ ಕತ್ತರಿಸುತ್ತಾ ಹೋಗಬೇಕು. ಆದರೆ ಆಚೆಯ ಅಂಚಿಗೆ ಒಂದು ಬೆರಳಗಲ ಇರುವಾಗಲೇ ಕತ್ತರಿ ನಿಲ್ಲಬೇಕು. ಬಿಡಿಸಿ, ಸುತ್ತಿ, ಅಂಟಿಸಿದರೆ ಪಟ್ಟಿಗಳು ಹೊರಕ್ಕೆ ಉಬ್ಬಿಕೊಂಡು ದೀಪದ ಹೊಟ್ಟೆ ತಯಾರು. ಅಂಚು ತುಂಡಾಯಿತೋ, ಕೈಯಲ್ಲಿ ಉಳಿಯುವುದು ಬರೀ ಪಟ್ಟಿಗಳು. ಅದಕ್ಕೇ ಅತ್ತಿಗೆ ಪ್ರತಿ ಹಾಳೆಯ ಮೇಲೂ ಪೆನ್ಸಿಲಿನಲ್ಲಿ ನಿಲ್ಲುವ ಗೆರೆ ಎಳೆದುಕೊಟ್ಟಿದ್ದರು, ನಾನು ಅದಕ್ಕೊಂದು ಹಾಡು ಕಟ್ಟಿದ್ದೆ: "ನಿಲ್ಲು ನಿಲ್ಲು ಕತ್ತರಿ, ಗೆರೆ ಬಂತು ಕತ್ತರಿ." ನಾನೊಂದು ಸಾಲು ಹೇಳಿದರೆ ಮಕ್ಕಳು ಅದನ್ನೇ ತಿರುಗಿ ಹೇಳಬೇಕು. ಅವು ಎಂಥ ವಿಧೇಯ ಮಕ್ಕಳೆಂದರೆ, ನಡುವೆ ನಾನು ಕೆಮ್ಮಿದರೆ ಕೆಮ್ಮನ್ನೂ ತಿರುಗಿ ಹಾಡುತ್ತಿದ್ದವು.

ಹಾಡಿಗೂ ಗೆರೆಗೂ ಬಗ್ಗದವಳು ಆ ಹುಡುಗಿಯೊಬ್ಬಳೇ. ಗೆರೆ ದಾಟಿ ಕಚಕ್ ಎಂದು ತುದಿ ಮುಟ್ಟಿಸಿ, ಆಮೇಲೆ ಅಳುತ್ತಿದ್ದಳು. ಅತ್ತಿಗೆ ಅವಳ ಪಟ್ಟಿಗಳನ್ನೆಲ್ಲ ಮೇಲೊಂದು ಕೆಳಗೊಂದು ಕಾಗದದ ಅಂಚಿಗೆ ಸಾಲಾಗಿ ಗೋಂದು ಹಚ್ಚಿ ಅಂಟಿಸಿ, "ನೋಡು, ಇದೂ ನಿಂತ್ಕೊಳ್ತು" ಎಂದರು. ನಿಂತಿತ್ತು, ಆದರೆ ನನಗೆ ನಂಬಿಕೆ ಬರಲಿಲ್ಲ.

ದೊಡ್ಡ ಟೀಚರು ಅಂದರೆ ನಮ್ಮ ಶಾಲೆಯ ಮುಖ್ಯಸ್ಥೆ. ಕಿಟಕಿಯಲ್ಲಿ ಸಾಲಾಗಿ ತೂಗುತ್ತಿದ್ದ ದೀಪಗಳನ್ನು ನೋಡಿ ಅವರಿಗೆ ಖುಷಿಯೋ ಖುಷಿ. ಅಪ್ಪ ಅಮ್ಮಂದಿರ ಸಭೆಯ ದಿನ ಸಭಾಂಗಣದ ಪರದೆಗಳನ್ನೆಲ್ಲ ಎಳೆದು, ಲೈಟು ಆರಿಸಿ, ಗೂಡುಗಳೊಳಗೆ ಸೆಲ್ಲಿನ ಪುಟ್ಟ ದೀಪ ಇಟ್ಟು, ಮಕ್ಕಳನ್ನು ವೇದಿಕೆಯಿಂದ ಸಾಲಾಗಿ ಇಳಿಸೋಣ ಎಂದರು. "ಕಗ್ಗತ್ತಲು ಇರ್ಬೇಕು. ಆಗಲೇ ಚೆಂದ," ಎಂದೂ ಸೇರಿಸಿದರು.

ಆ ವೇದಿಕೆಯ ಮೆಟ್ಟಿಲು ಮರದ್ದು, ಕಡಿದಾದದ್ದು, ಹಿಡಿದುಕೊಳ್ಳಲು ಕಂಬಿ ಕೂಡ ಇಲ್ಲ. ಅತ್ತಿಗೆ ಆ ದಿನ ಊಟ ಮಾಡಲಿಲ್ಲ.

"ಈಗಲಾದ್ರೂ ಹೇಳಿ ಅತ್ತಿಗೆ," ಎಂದೆ.

"ನೀನು ಮೆಟ್ಟಿಲ ಬುಡದಲ್ಲಿ ನಿಂತು ಹಾಡು. ಮಕ್ಕಳೆಲ್ಲ ಇಳಿಯೋ ತನಕ ನಾನು ಹಿಂದೆ ಅಲ್ಲಾಡದೆ ನಿಂತಿರ್ತೀನಿ. ದೀಪ ನಂಗೆ ಕಾಣುತ್ತೆ. ವೇದಿಕೆ ಮೇಲೆ ಒಂದು ದೀಪಾನೂ ಉಳಿದಿಲ್ಲ ಅಂದ್ರೆ ಎಲ್ಲರೂ ಇಳಿದ್ರು ಅಂತ ಅರ್ಥ. ಆಮೇಲೆ ನಿನ್ನ ದನಿ ಹಿಡ್ಕೊಂಡು ಬರ್ತೀನಿ. ಒಂದೇ ಒಂದು ಸಲ ಕಣೆ."

ನಾನು ಎರಡು ಮಾತು ಬೈದೆ, ಆಮೇಲೆ ಒಪ್ಪಿದೆ. ಲೆಕ್ಕಾಚಾರ ಸರಿಯಾಗಿಯೇ ಇದೆ ಅನ್ನಿಸಿತ್ತು.

ಆ ದಿನ ಸಭಾಂಗಣ ತುಂಬಿತ್ತು. ಜವಾನ ಆ ತುದಿಯಲ್ಲಿ ಲೈಟು ಆರಿಸಿದ. ಕತ್ತಲು ಎಷ್ಟು ದಟ್ಟವಾಗಿತ್ತೆಂದರೆ ಕಣ್ಣು ಚೆನ್ನಾಗಿರುವ ನನಗೇ ನನ್ನ ಕೈ ಕಾಣಲಿಲ್ಲ. ಅತ್ತಿಗೆಗೆ ಹೇಗಿದ್ದೀತೆಂದು ಯೋಚಿಸಲೂ ಭಯವಾಯಿತು. ನಾನು ಮೆರವಣಿಗೆಯ ಹಾಡು ಶುರು ಮಾಡಿದೆ. ಕೆಂಪು ದೀಪಗಳು ಒಂದರ ಹಿಂದೊಂದು ಮೆಟ್ಟಿಲಿಳಿದು ನನ್ನ ಪಕ್ಕದಿಂದ ಹಾದುಹೋದವು, ಮಕ್ಕಳು ನನ್ನ ಸಾಲು ತಿರುಗಿ ಹಾಡುತ್ತಾ ಕುರ್ಚಿಗಳ ನಡುವೆ ನಡೆದರು. ಕೂತವರೆಲ್ಲ ಆಹಾ ಎನ್ನುತ್ತಿದ್ದರು.

ಕೊನೆಯ ಎರಡು ದೀಪ ಉಳಿದಿದ್ದವು. ಒಂದು ಇಳಿಯಿತು. ಇನ್ನೊಂದು ಮೆಟ್ಟಿಲ ನೆತ್ತಿಗೆ ಬಂದು ಒಮ್ಮೆ ಅಲ್ಲಾಡಿ, ಪಟ್ ಎಂದು ಇಲ್ಲವಾಯಿತು.

ಕತ್ತಲಿಗೆ ಹೊಂದಿಕೊಂಡಿದ್ದ ನನ್ನ ಕಣ್ಣಿಗೆ ಮೆಟ್ಟಿಲ ನೆತ್ತಿಯಲ್ಲಿ ಒಂದು ಪುಟ್ಟ ಆಕಾರ ಮಂಡಿಯೂರಿ ತಡಕಾಡುವುದು ಕಾಣಿಸಿತು. ಅದೇ ಹುಡುಗಿ, ಕಚಕ್. ಅವಳ ದೀಪ ಬಿಚ್ಚಿಹೋಗಿ ಸೆಲ್ಲು ಉರುಳಿತ್ತು, ಅವಳು ಪಟ್ಟಿಗಳನ್ನು ಹೆಕ್ಕುತ್ತಿದ್ದಳು. ಮತ್ತು ಅತ್ತಿಗೆ, ವೇದಿಕೆಯ ಮೇಲೆ ದೀಪ ಉಳಿದಿಲ್ಲವೆಂದು, ಎಲ್ಲರೂ ಇಳಿದರೆಂದು ನಂಬಿ, ನನ್ನ ದನಿಯ ಕಡೆಗೆ ನಡೆಯತೊಡಗಿದ್ದರು. ಪ್ರತಿ ಸಂಜೆಯ ಅಭ್ಯಾಸ. ಹೆಜ್ಜೆಯಲ್ಲಿ ಒಂದಿಷ್ಟೂ ಅನುಮಾನವಿರಲಿಲ್ಲ.

ಹಾಡುತ್ತಾ ಹೋದರೆ ಅವರು ನೇರವಾಗಿ ಆ ಮಗುವಿನ ಮೇಲೆ ಬರುತ್ತಾರೆ, ಇಬ್ಬರೂ ಮೆಟ್ಟಿಲಿನಿಂದ ಉರುಳುತ್ತಾರೆ. ಹಾಡು ನಿಲ್ಲಿಸಿದರೆ ದಿಕ್ಕು ತಪ್ಪಿ ವೇದಿಕೆಯ ಅಂಚಿನಿಂದ ಕೆಳಗೆ ಬೀಳುತ್ತಾರೆ. ಓಡಿ ಹತ್ತೋಣವೆಂದರೆ ಆಗತಾನೇ ಇಳಿದ ಮಗು ಇನ್ನೂ ನನ್ನ ಕಾಲಿಗೇ ಅಂಟಿಕೊಂಡಿತ್ತು. ಬಾಯಿ ಮಾತ್ರ ತನ್ನಷ್ಟಕ್ಕೆ ಹಾಡುತ್ತಲೇ ಇತ್ತು, ಆ ಬಾಯಿಗೆ ಸಿಕ್ಕಿದ್ದು ಕತ್ತರಿಯ ಹಾಡು.

"ನಿಲ್ಲಿ ನಿಲ್ಲಿ ಅತ್ತಿಗೆ, ಗೆರೆ ಬಂತು ಅತ್ತಿಗೆ."

ಕತ್ತಲ ನಾಲ್ಕೂ ಮೂಲೆಯಿಂದ ಮಕ್ಕಳು ಅದನ್ನೇ ತಿರುಗಿ ಹಾಡಿದರು: "ನಿಲ್ಲಿ ನಿಲ್ಲಿ ಅತ್ತಿಗೆ, ಗೆರೆ ಬಂತು ಅತ್ತಿಗೆ." ಕೂತವರು ನಕ್ಕರು, ಇದೂ ಕಾರ್ಯಕ್ರಮವೇ ಅಂದುಕೊಂಡು. ಅತ್ತಿಗೆಯ ಹೆಜ್ಜೆ ನಿಂತಿತು. ಒಂದು ಕಾಲನ್ನು ಮೆಲ್ಲಗೆ ಮುಂದೆ ಸರಿಸಿ ನೆಲ ಸವರಿದರು. ಕಾಲಿಗೆ ಕಾಗದದ ಪಟ್ಟಿ ಸಿಕ್ಕಿರಬೇಕು. ಅದು ಯಾರ ಪಟ್ಟಿ ಎಂದು ಅವರಿಗೆ ಬೇರೆ ಹೇಳಬೇಕಾಗಿರಲಿಲ್ಲ. ಅಲ್ಲೇ ಕುಕ್ಕರಿಸಿ ಎರಡೂ ಕೈ ಚಾಚಿದರು. ನಾನು ಹಾಡು ನಿಲ್ಲಿಸಿದೆ, ಮಕ್ಕಳೂ ನಿಲ್ಲಿಸಿದರು.

"ಮಿಸ್, ದೀಪ ಹೋಯ್ತು," ಎಂದಿತು ಮೇಲಿನಿಂದ ಪುಟ್ಟ ದನಿ. "ಭಯ ಆಗ್ತಿದೆ."

"ನಂಗೂ ಭಯ ಆಗ್ತಿದೆ ಪುಟ್ಟಿ. ಅಲ್ಲಾಡ್ಬೇಡ, ನನ್ನ ಕೈ ಗಟ್ಟಿಯಾಗಿ ಹಿಡ್ಕೋ." ಆಮೇಲೆ ಅತ್ತಿಗೆ ತಲೆಯೆತ್ತಿ, ಇಡೀ ಸಭಾಂಗಣಕ್ಕೆ ಕೇಳುವಂತೆ ಹೇಳಿದರು, "ದಯವಿಟ್ಟು ಲೈಟು ಹಾಕಿ. ನಂಗೆ ಕತ್ತಲಲ್ಲಿ ಕಣ್ಣು ಕಾಣ್ಸಲ್ಲ."

ಲೈಟು ಬಂತು. ಎಲ್ಲಕ್ಕಿಂತ ಮೇಲಿನ ಮೆಟ್ಟಿಲಿನ ಅಂಚಿನಲ್ಲಿ ಇಬ್ಬರೂ ಅಪ್ಪಿಕೊಂಡು ಕೂತಿದ್ದರು, ಸುತ್ತಲೂ ಕೆಂಪು ಪಟ್ಟಿಗಳು. ಯಾರೂ ನಗಲಿಲ್ಲ. ಹುಡುಗಿಯ ಅಮ್ಮ ಕುರ್ಚಿಗಳನ್ನು ಸರಿಸಿಕೊಂಡು ಓಡಿಬಂದಳು.

ದೊಡ್ಡ ಟೀಚರು "ನಾಳೆ ಮಾತಾಡೋಣ" ಎಂದಷ್ಟೇ ಹೇಳಿದರು. ಮಾರನೆಯ ದಿನ ಶಾಲೆ ಬಿಟ್ಟ ಮೇಲೆ ಅತ್ತಿಗೆಯನ್ನು ಕೋಣೆಗೆ ಕರೆದರು. ಬಾಗಿಲ ಹೊರಗೆ ನಿಂತ ನನಗೆ ಕೇಳಿದ ಮೊದಲ ಮಾತೇ "ಕೂತ್ಕೊಳ್ಳಿ". ಆ ಒಂದು ಮಾತಿಗೇ ಅಲ್ಲವೆ ಇಷ್ಟು ವರ್ಷ ಇವರು ಹೆದರಿ ಸತ್ತದ್ದು.

ಅತ್ತಿಗೆ ಹೊರಗೆ ಬಂದು ಬಾಗಿಲು ಮುಚ್ಚಿದರು. "ಪುಟ್ಟ ಮಕ್ಕಳ ತರಗತಿ ಹೋಯ್ತು ಕಣೆ. ಬೇರೆಯವರಿಗೆ ಕೊಡ್ತಾರಂತೆ. ಕಾಗದದ ಕೆಲಸ ಮಾತ್ರ ನಂದೇ. ಎಲ್ಲಾ ತರಗತಿಯವರೂ ಕಿಟಕಿ ಇರೋ ಕೋಣೆಗೆ ಬರ್ಬೇಕಂತೆ, ಬಿಸಿಲಿರೋ ಹೊತ್ತಲ್ಲಿ."

"ಅಂದ್ರೆ ಕಚಕ್ ಬರ್ತಾಳೆ."

"ಬರ್ತಾಳೆ. ಅವಳಿಗೆ ನಿಲ್ಲೋದು ಕಲಿಸ್ಬೇಕು ಇನ್ನೂ." ನಗಲು ಹೋಗಿ ಅತ್ತರು. ಅಮ್ಮನ ಕುರ್ಚಿಯ ನೆನಪಿನ್ನೂ ಅವರನ್ನು ಬಿಟ್ಟಿರಲಿಲ್ಲ, ಮುಂದೆಯೂ ಬಿಡದು ಎಂದು ನನಗೆ ಗೊತ್ತಿತ್ತು.

ಗೇಟು ದಾಟುವಾಗ ಬೀದಿಯಲ್ಲಿ ಕತ್ತಲು ಇಳಿಯುತ್ತಿತ್ತು. ಮಕ್ಕಳನ್ನು ಕರೆದೊಯ್ಯಲು ಬಂದವರು ಇನ್ನೂ ಅಲ್ಲಲ್ಲಿ ನಿಂತಿದ್ದರು, ಒಂದಿಬ್ಬರು ನಮ್ಮ ಕಡೆಗೇ ನೋಡುತ್ತಿದ್ದರು. ನಾನು ಎಂದಿನಂತೆ ಮುಂದೆ ಹೋಗಿ ಗಂಟಲು ಸರಿಮಾಡಿಕೊಂಡೆ.

"ಹಾಡೋದು ಬೇಡ," ಎಂದರು ಅತ್ತಿಗೆ ಹಿಂದಿನಿಂದ. "ಕೈ ಕೊಡು."