ಬೆನ್ನ ಹಿಂದಿನ ಚಪ್ಪಾಳೆ

ಸಿಂಧನೂರಿನ ಮಂದಿ ನಮ್ಮನ್ನು 'ಯಾಕ ಅನ್ನೋರ ಸಂಘ' ಎಂದು ಕರೆಯುತ್ತಿದ್ದರು. ನಾವೇನೂ ಹೆಸರು ಇಟ್ಟುಕೊಂಡಿರಲಿಲ್ಲ. ಬಜಾರಿನಲ್ಲಿ ನನ್ನದೊಂದು ರೇಡಿಯೋ ರಿಪೇರಿ ಅಂಗಡಿ ಇತ್ತು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ನನ್ನ ಗೆಳೆಯ ಭಾನುವಾರ ಸಂಜೆ ಬಂದು ಕೂತನೆಂದರೆ ಅವನ ಹಿಂದೆಯೇ ನಾಲ್ಕಾರು ಜನ ಸೇರುತ್ತಿದ್ದರು. ಅವನ ಮನೆ ಅಂಗಡಿಯ ಹಿಂದಿನ ಓಣಿಯಲ್ಲೇ. ಭಾಭಿ, ಅಂದರೆ ಅವನ ಹೆಂಡತಿ, ಕೆಟಲಿನಲ್ಲಿ ಚಹಾ ಕಳಿಸುತ್ತಿದ್ದರು.

ಕಾಲುವೆಗೆ ನೀರು ಬಂದು ಕೆಲವು ವರ್ಷಗಳಾಗಿದ್ದವು. ಜೋಳ ಬೆಳೆಯುತ್ತಿದ್ದ ಕಪ್ಪು ಮಣ್ಣಿನ ಎರಿ ಹೊಲಗಳಲ್ಲಿ ಭತ್ತ ನಿಂತಿತ್ತು. ಸುಗ್ಗಿ ಮುಗಿದ ಕೂಡಲೇ ಎಲ್ಲೆಲ್ಲಿಂದಲೋ ತಾಯಿತದವರು, ಭಸ್ಮದವರು, ನಿಧಿ ತೋರಿಸುವವರು ಬಸ್ಸಿಳಿಯುತ್ತಿದ್ದರು. ಒಮ್ಮೆ ವಳಕಮದಿನ್ನಿಯಲ್ಲಿ ಒಬ್ಬ ಇಲಿ ಬರದ ಹಾಗೆ ಬದುವಿನಲ್ಲಿ ಹುಗಿಯಲು ಮಂತ್ರಿಸಿದ ನಿಂಬೆಹಣ್ಣು ಮಾರುತ್ತಿದ್ದ. ನನ್ನ ಗೆಳೆಯ ಅವನೊಡನೆ ಜಗಳವಾಡಲಿಲ್ಲ. "ಒಂದು ಮಡಿಗೆ ಹಾಕ್ರಿ, ಇನ್ನೊಂದು ಮಡಿ ಹಂಗ ಬಿಡ್ರಿ. ಇಲಿ ಏನ್ ಹೇಳ್ತಾವ ಕೇಳೂಣು," ಎಂದ. ಇಲಿಗಳು ಎರಡನ್ನೂ ತಿಂದವು. ರೈತರು ನಕ್ಕರು, ಮಾರುವವನೂ ನಕ್ಕು ಜವಳಗೇರಾದ ಕಡೆ ಹೋದ. ಯಾರನ್ನೂ ಸಣ್ಣವರನ್ನಾಗಿ ಮಾಡದೆ ಕೇಳುವುದು ಅವನಿಗೆ ಬರುತ್ತಿತ್ತು. ಅವನಷ್ಟು ಮೆತ್ತಗೆ 'ಯಾಕ' ಅಂದವರನ್ನು ನಾನು ಮತ್ತೆ ಕಂಡಿಲ್ಲ.

ಅವನಿಗೆ ಒಬ್ಬಳೇ ಮಗಳು, ಇನ್ನೂ ಸಾಲೆಗೆ ಹೋಗದ ವಯಸ್ಸು. ಕೂಸಾಗಿದ್ದಾಗ ಬಂದ ಜ್ವರದಲ್ಲಿ ಕಿವಿ ಹೋಗಿತ್ತು. ಕಿವಿಯ ಜೊತೆ ಮಾತೂ. ರಾಯಚೂರಿನ ಡಾಕ್ಟರರು, ಆಮೇಲೆ ಹೈದರಾಬಾದಿನವರು ನೋಡಿ ಕೈ ಚೆಲ್ಲಿದ್ದರು. ಹುಡುಗಿ ನನ್ನ ಅಂಗಡಿಗೆ ಬಂದರೆ ಹಾಡುತ್ತಿರುವ ರೇಡಿಯೋ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟು ನಿಲ್ಲುತ್ತಿದ್ದಳು. ಒಳಗಿನ ನಡುಕ ಕೈಗೆ ತಾಕಿ ನಗುತ್ತಿದ್ದಳು.

ಒಂದು ಬೇಸಿಗೆಯಲ್ಲಿ ಲಿಂಗಸುಗೂರಿನ ಸುದ್ದಿ ಬಂತು. ಊರ ಹೊರಗೆ ಒಬ್ಬ ಮುದುಕ ಬೇರಿನ ರಸ ಕಿವಿಗೆ ಬಿಟ್ಟರೆ ಕಿವುಡರಿಗೆ ಕೇಳುತ್ತದಂತೆ, ಹಟ್ಟಿಯ ಗಣಿಯಲ್ಲಿ ದುಡಿಯುವವನೊಬ್ಬನ ಮಗ 'ಅಪ್ಪಾ' ಅಂದನಂತೆ. ನಮ್ಮವರಿಗೆ ಹುರುಪು ಬಂತು. ಹೋಗಿ ನೋಡಬೇಕು, ಆ ಹಟ್ಟಿಯ ಮನೆ ಹುಡುಕಬೇಕು ಎಂದು ಮಾತು ನಡೆಯಿತು. ಗೆಳೆಯ ಮಾತ್ರ ಆ ಭಾನುವಾರ ಚಹಾ ಮುಗಿಸದೆ ಎದ್ದು ಹೋದ.

ಮರುದಿನ ಬೆಳಿಗ್ಗೆ ನಾನು ಅಂಗಡಿಯ ಬಾಗಿಲು ತೆಗೆಯುವಾಗಲೇ ಬಂದ.

"ಆಕಿ ಮಗಳನ್ನ ಕರ್ಕೊಂಡು ಲಿಂಗಸುಗೂರಿಗೆ ಹೊಂಟು ನಿಂತಾಳ. ನಾ ಒಲ್ಲೆ ಅಂದ್ರ ಒಬ್ಬಾಕಿನ ಹೋಗ್ತಾಳ. ನೀನೂ ಬಾ ನಮ್ಮ ಕೂಡ."

"ಸಂಘದಾಂವ ಆಗಿ ಬರ್ಲೋ, ಗೆಳ್ಯಾ ಆಗಿ ಬರ್ಲೋ?"

"ಗೆಳ್ಯಾ ಆಗಿ ಬಾ. ಏನೂ ಕೇಳಬ್ಯಾಡ ಅಲ್ಲಿ."

ಮಸ್ಕಿಯ ಮೇಲೆ ಹೋಗುವ ಲಿಂಗಸುಗೂರಿನ ಬಸ್ಸು ಹತ್ತಿದೆವು. ಭಾಭಿ ಮಗಳ ತಲೆಗೆ ಎಣ್ಣೆ ಹಚ್ಚಿ, ಹೊಸ ಫ್ರಾಕು ತೊಡಿಸಿ, ಹಬ್ಬಕ್ಕೆ ಕರೆದೊಯ್ಯುವ ಹಾಗೆ ತಯಾರು ಮಾಡಿದ್ದರು.

ಬೇವಿನ ಗಿಡದ ಕೆಳಗೆ ಸಾಲು ಇತ್ತು. ಎಲ್ಲ ತಾಯಂದಿರು, ಎಲ್ಲರ ಮಡಿಲಲ್ಲೂ ಒಂದೊಂದು ಮಗು. ಮುದುಕ ಕೆಟ್ಟವನ ಹಾಗೆ ಕಾಣಲಿಲ್ಲ, ಮೃದುವಾಗಿ ಮಾತಾಡುತ್ತಿದ್ದ. ನಮ್ಮ ಸರದಿ ಬಂದಾಗ ಹುಡುಗಿಯ ಎರಡೂ ಕಿವಿಗೆ ಹಸಿರು ರಸ ಹನಿಸಿ, ಕಣ್ಣು ಮುಚ್ಚಿ ಏನೋ ಅಂದು, ಅವಳ ಮುಖದ ಮುಂದೆಯೇ ಹಿತ್ತಾಳೆಯ ತಾಟು ಹಿಡಿದು ಜೋರಾಗಿ ಬಾರಿಸಿದ. ಹುಡುಗಿ ಬೆಚ್ಚಿಬಿದ್ದಳು. ಬಾಯಿ ತೆರೆದು 'ಅಂ' ಎಂದಳು.

"ಕೇಳಿಸ್ತು! ಕೂಸಿಗೆ ಕೇಳಿಸ್ತು!" ಎಂದು ಸಾಲಿನ ಹೆಂಗಸರು ಕೂಗಿದರು.

"ಸುನೀ! ಮೇರಿ ಬಚ್ಚಿ ಸುನೀ!" ಭಾಭಿ ಮಗಳನ್ನು ಎದೆಗೆ ಅವುಚಿಕೊಂಡು ಅಳತೊಡಗಿದರು. ಮನೆಯಲ್ಲಷ್ಟೇ ದಖನಿ ಉರ್ದು ಆಡುತ್ತಿದ್ದವರು ಆ ಮಂದಿಯ ನಡುವೆ ತಮ್ಮ ಕೂಸಿಗೆ ಕೇಳಿಸಿತೆಂದು ಅದರಲ್ಲೇ ಮತ್ತೆ ಮತ್ತೆ ಅಂದರು. ಪಕ್ಕದ ತಾಯಂದಿರೂ ಅತ್ತರು.

ಗೆಳೆಯನ ಮುಖ ನೋಡಿದೆ. ಅದು ನಾನು ಬಲ್ಲ ಮುಖವಾಗಿರಲಿಲ್ಲ. ಚಪ್ಪಲಿ ಕಳಚಿಟ್ಟ. ಹೆಜ್ಜೆಯ ಅದುರು ನೆಲದಲ್ಲಿ ತಿಳಿಯಬಾರದೆಂದು ಬರಿಗಾಲಲ್ಲಿ ಮೆಲ್ಲಗೆ ಮಗಳ ಬೆನ್ನ ಹಿಂದೆ ಹೋಗಿ ನಿಂತ. ನೆರಳು ಬೀಳದಂತೆ ಒಂದಿಷ್ಟು ಸರಿದ. ಆಮೇಲೆ ಚಪ್ಪಾಳೆ ತಟ್ಟಿದ.

ಹುಡುಗಿ ಅಮ್ಮನ ಬಳೆಗಳ ಜೊತೆ ಆಡುತ್ತಿದ್ದಳು.

ಮತ್ತೆ ತಟ್ಟಿದ, ಇನ್ನೂ ಜೋರಾಗಿ. ಆಮೇಲೆ ಅವಳ ಮುದ್ದಿನ ಹೆಸರು ಹಿಡಿದು ಕರೆದ. ಅವನ ದನಿ ಸೀಳಿತು. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು, ಮಗಳೊಬ್ಬಳನ್ನು ಬಿಟ್ಟು.

ಭಾಭಿ ಮಗಳ ಭುಜದ ಮೇಲಿನಿಂದ ಅವನನ್ನು ನೋಡುತ್ತಿದ್ದರು. ಅಳು ನಿಂತಿತ್ತು.

"ಇವತ್ತೊಂದು ದಿನ ಬಿಟ್ಟಿದ್ರ ಏನಾಗ್ತಿತ್ರೀ?" ಎಂದರು. "ಊರು ಮುಟ್ಟೂತನಾದ್ರೂ ಬಿಡಬೇಕಿತ್ತು."

ಅವನು ಹೋಗಿ ಚಪ್ಪಲಿ ಮೆಟ್ಟಿಕೊಂಡ. ಮುದುಕ ತಾಟು ಕೆಳಗಿಟ್ಟು ಬೇರೆ ಕಡೆ ನೋಡಿದ. ಸಾಲಿನಿಂದ ಒಬ್ಬರೂ ಏಳಲಿಲ್ಲ.

ಆಮೇಲಿನ ಭಾನುವಾರ ಚಹಾ ಬರಲಿಲ್ಲ. ಗೆಳೆಯನೂ ಬರಲಿಲ್ಲ. ಸಂಘದ ಉಳಿದವರು ಒಂದು ದಿನ ಲಿಂಗಸುಗೂರಿಗೆ ಹೋದರೆ, ಬೇವಿನ ಗಿಡದ ಕೆಳಗೆ ಯಾರೂ ಇರಲಿಲ್ಲ. ಮುದುಕ ಬೇರೆ ಊರು ಹಿಡಿದಿದ್ದ. ಗಂಡ ಹೆಂಡತಿ ಒಂದೇ ಮನೆಯಲ್ಲಿದ್ದರೂ ಉಪ್ಪು, ಎಣ್ಣೆ, ಮಗಳ ಬಟ್ಟೆ ಬಿಟ್ಟರೆ ಬೇರೆ ಮಾತಿಲ್ಲವೆಂದು ನನ್ನ ಹೆಂಡತಿ ಹೇಳಿದಳು. ಸಾಲೆ ಶುರುವಾಗುವ ಮೊದಲೇ ಅವನು ವರ್ಗ ಮಾಡಿಸಿಕೊಂಡು ಹೆಂಡತಿ ಮಗಳ ಸಮೇತ ದೂರ ಹೋದ. ನಾವು ಕೆಲವು ತಿಂಗಳು ಕೂಡಿದೆವು. ಅವನಿಲ್ಲದೆ ನಮ್ಮ ಪ್ರಶ್ನೆಗಳು ಬರೀ ಜಗಳವಾದವು. ಒಬ್ಬೊಬ್ಬರೇ ಬಿಟ್ಟರು.

ಬಹಳ ವರ್ಷಗಳ ಮೇಲೆ ಮಸ್ಕಿಯ ಬಸ್‌ಸ್ಟ್ಯಾಂಡಿನಲ್ಲಿ ಯಾರೋ "ಭಾಯಿ" ಎಂದು ಕರೆದರು. ತಿರುಗಿದರೆ ಭಾಭಿ, ಕೂದಲು ನೆರೆತಿತ್ತು, ಪಕ್ಕದಲ್ಲಿ ಅವರಿಗಿಂತ ಎತ್ತರ ಬೆಳೆದ ಮಗಳು. ಗೆಳೆಯನ ಬಗ್ಗೆ ಕೇಳಿದೆ.

"ತೀರಿ ಹೋದ್ರು. ಹೋದ ಚಳಿಗಾಲದಾಗ. ನಿಮಗ ಯಾರೂ ಹೇಳ್ಲಿಲ್ಲೇನು?"

ಬೆಂಚಿನ ಮೇಲೆ ಕೂತೆ. ಅವರೂ ಪಕ್ಕದಲ್ಲಿ ಕೂತು ಅಂದರು: "ಅವತ್ತು ಅವ್ರು ತೋರಿಸಿದ್ದು ಖರೆ ಇತ್ತು. ಗೊತ್ತಿತ್ತು ನನಗ. ಅಷ್ಟು ಮಂದಿಯಾಗ ನನ್ನ ಸುಳ್ಳು ಮಾಡಿದ್ರಲ್ಲ, ಅದನ್ನ ನುಂಗಾಕ ಆಗ್ಲಿಲ್ಲ."

ಆಗ ನಾನು ಹೇಳಿದೆ. ಊರು ಬಿಡುವ ಮೊದಲು ಅವನು ಒಮ್ಮೆ ಅಂಗಡಿಗೆ ಬಂದಿದ್ದ. "ಮುದುಕನ್ನ ಪರೀಕ್ಷೆ ಮಾಡಾಕ ತಟ್ಟಲಿಲ್ಲಲೇ," ಅಂದಿದ್ದ. "ಮಗಳಿಗೆ ಕೇಳಿಸೇತಿ ಅಂತ ನನಗೂ ಅನಿಸಿಬಿಟ್ಟಿತ್ತು. ನನ್ನ ದನಿಗೆ ತಿರುಗ್ತಾಳ ಅಂತ ತಟ್ಟಿದೆ."

ಭಾಭಿ ಮಡಿಲಲ್ಲಿದ್ದ ಚೀಲ ಕೆಳಗಿಟ್ಟರು.

"ಇದನ್ನ ನನಗ ಹೇಳಬೇಕಿತ್ತಲ್ಲ ಭಾಯಿ ಅವ್ರು," ಎಂದರು. "ಒಂದ ಮನ್ಯಾಗ ಇದ್ವಿ."

ಸೆರಗಿನಿಂದ ಮುಖ ಮುಚ್ಚಿಕೊಂಡರು. ಮಗಳು ಗಾಬರಿಯಾಗಿ ಅವರ ಗದ್ದ ಹಿಡಿದೆತ್ತಿ, ಏನಾಯಿತೆಂದು ಕೈಸನ್ನೆಯಲ್ಲಿ ಕೇಳಿದಳು. ಭಾಭಿ ಏನೂ ಇಲ್ಲವೆಂದು ತಲೆಯಾಡಿಸಿದರು. ರಾಯಚೂರಿನ ಬಸ್ಸು ಬಂತು. ಹುಡುಗಿ ಚೀಲ ತೆಗೆದುಕೊಂಡು, ಅಮ್ಮನ ರಟ್ಟೆ ಹಿಡಿದು ಹತ್ತಿಸಿದಳು.