ಚೌಡಕ್ಕನ ಮೊಲ
ಗೋಡೆಯಾಚೆ 'ಒಂದು ತುತ್ತು ತಿನ್ನೋ ನನ್ನಪ್ಪಾ' ಎಂಬ ದನಿ ಕೇಳಿ, ಮನೆಯೊಡತಿ ಚೌಡಕ್ಕ ತನ್ನನ್ನೇ ಊಟಕ್ಕೆ ಕರೆಯುತ್ತಿದ್ದಾಳೆಂದು ಪಕ್ಕದ ಕೋಣೆಯಲ್ಲಿ ಬಾಡಿಗೆಗಿದ್ದ ಚಿನ್ನರಾಜ್ ತಟ್ಟೆ ಹಿಡಿದು ಹೋದ. ಮಿಲ್ಲಿನ ಕೂಲಿಯವನ ಹೊಟ್ಟೆಗೆ ಅಷ್ಟೇ ಬುದ್ಧಿ. ನೋಡಿದರೆ ಚೌಡಕ್ಕನ ಮಡಿಲಲ್ಲಿ ಮೊಲ. ಉದ್ದ ಬೆಳೆದ ಹಲ್ಲನ್ನು ದನದಾಸ್ಪತ್ರೆಯಲ್ಲಿ ಕತ್ತರಿಸಿದ ಮೇಲೆ ಅದು ಏನನ್ನೂ ಮುಟ್ಟಿರಲಿಲ್ಲ. ಕೊಳಾಯಿ, ಬಸ್ಸು, ದೇವರು ಎಲ್ಲವನ್ನೂ ಒಂದೇ ಉಸಿರಿಗೆ ಬಯ್ಯುವ ಆ ನೇಕಾರ ವಿಧವೆ ಈಗ ಅಗಸೆ ಸೊಪ್ಪನ್ನು ನುಣ್ಣಗೆ ಅರೆದು, ಬೆರಳಲ್ಲಿ ತೆಗೆದು ಮೊಲದ ಬಾಯಂಚಿಗೆ ಸವರುತ್ತಾಳೆ. ಅದು ಮುಖ ತಿರುಗಿಸಿದರೆ, 'ಅಯ್ಯೋ, ಕಹಿ ಆಯ್ತಾ ಕಣ್ಣೂ?' ಎಂದು ತಾನೇ ನೆಕ್ಕಿ ನೋಡುತ್ತಾಳೆ. ಅರ್ಧ ನೇಯ್ದ ಸೀರೆ ಮಗ್ಗದಲ್ಲೇ ನಿಂತಿದೆ. 'ನಿನ್ ಯಜಮಾನ್ರು ಕಾಯಿಲೆ ಬಿದ್ದಾಗ್ಲೂ ಇಂಗೇ ಮಗ್ಗ ನಿಲ್ಸಿ ಉಣ್ಣಿಸಿದ್ಯಾಕ್ಕಾ?' ಎಂದು ಚಿನ್ನರಾಜ್ ಕೇಳಿಬಿಟ್ಟ. 'ಇಲ್ಲ ಕಣ್ಲಾ. ನಾನು ಮಗ್ಗದಾಗೆ ಕುಂತ್ಕಂಡೇ, ತಿನ್ನು ಅಂದೆ. ತಿನ್ನಲಿಲ್ಲ, ಸತ್ತೋದ.'