ನೂರ ಹದಿನಾಲ್ಕು ಬಾಗಿಲು

ಬೀಗ ರಿಪೇರಿಯವನ ಅಂಗಡಿ ಎಷ್ಟು ಕಿರಿದೆಂದರೆ, ಅವನು ಒಳಗೆ ಕೂತರೆ ಗಿರಾಕಿ ಹೊರಗೇ ನಿಲ್ಲಬೇಕು. ಹೊಲಿಗೆ ಅಂಗಡಿಗೂ ಬ್ಯಾಟರಿ ಅಂಗಡಿಗೂ ನಡುವೆ ಉಳಿದುಹೋಗಿದ್ದ ಸಂದು ಅದು. ಇಪ್ಪತ್ತೆರಡು ವರ್ಷದಿಂದ ಅಲ್ಲೇ ಕೂತು, ಅರ ಹಿಡಿದು, ಬೀಗದ ಕೈಗಳಿಗೆ ಹಲ್ಲು ಕೊರೆಯುತ್ತಿದ್ದಾನೆ. ಕೆಲಸದಲ್ಲಿ ಅವನ ಸಮಾನ ಇಲ್ಲ, ಮಾತಿನಲ್ಲಿ ಮಾತ್ರ ಮಹಾ ಜಿಪುಣ. ‘ಯಾವಾಗ ಕೊಡ್ತೀರಿ?’ ಎಂದರೆ ‘ಸಂಜೆ.’ ‘ಸರಿಹೋಗುತ್ತಾ?’ ಎಂದರೆ ‘ಹ್ಞೂಂ.’ ಮದುವೆಯ ದಿನ ಫೋಟೋದವನು ‘ಸ್ವಲ್ಪ ನಗಿ ಸಾರ್’ ಎಂದು ಗೋಗರೆದು ಸುಸ್ತಾದದ್ದನ್ನು ಅವನ ಹೆಂಡತಿ ಈಗಲೂ ಅಭಿನಯಿಸಿ ತೋರಿಸುತ್ತಾಳೆ.

ಇಂಥವನ ಮನೆಗೆ ಆರು ವರ್ಷದ ಹಿಂದೆ ಮಾವ ಇರಲು ಬಂದರು. ಮೂವತ್ತೆಂಟು ವರ್ಷ ಪೋಸ್ಟ್‌ಮ್ಯಾನ್ ಆಗಿ, ಕಾಲಿಗೆ ಚಕ್ರ ಕಟ್ಟಿಕೊಂಡವರ ಹಾಗೆ ಬೀದಿ ಬೀದಿ ಸುತ್ತಿದ ಮನುಷ್ಯ. ಈಗ ಮಂಡಿ ಎರಡೂ ಕೈಕೊಟ್ಟಿದ್ದವು. ಮನೆ ಇದ್ದದ್ದು ಮೂರನೇ ಮಹಡಿಯಲ್ಲಿ, ಲಿಫ್ಟ್ ಇಲ್ಲ. ಹತ್ತಿ ಬಂದದ್ದೇ ಬಂದದ್ದು, ಆಸ್ಪತ್ರೆಗಲ್ಲದೆ ಮತ್ತೆ ಇಳಿಯಲಿಲ್ಲ. ಅವರ ಮಗಳಿಗೆ, ಎಂದರೆ ಇವನ ಹೆಂಡತಿಗೆ, ಬೇಕರಿಯಲ್ಲಿ ಸಂಜೆ ಪಾಳಿ. ಅವಳು ಬರುವವರೆಗೆ ಮನೆಯಲ್ಲಿ ಈ ಇಬ್ಬರೇ ಗಂಡಸರು.

“ಊಟ ಆಯ್ತಾ ಮಾವ?”

“ಆಯ್ತು ಅಳಿಯಂದ್ರೇ. ನಿಮ್ದು?”

“ಈಗ.”

ಅಲ್ಲಿಗೆ ಆ ದಿನದ ಮಾತು ಮುಗಿಯಿತು. ಉಂಡು ಅಳಿಯ ರೂಮಿಗೆ, ಮಾವ ಕಿಟಕಿಗೆ. ಒಂದು ವರ್ಷ ಹೀಗೇ ನಡೆಯಿತು.

ಆಮೇಲೆ ಪಕ್ಕದ ಮನೆಯವರು ಮನೆ ಖಾಲಿ ಮಾಡುವಾಗ ಒಂದು ವಿಡಿಯೋ ಗೇಮ್ ಪೆಟ್ಟಿಗೆಯನ್ನು ಬಿಟ್ಟುಹೋದರು. ಅದರೊಳಗೆ ಇದ್ದದ್ದು ಒಂದೇ ಆಟ. ದೊಡ್ಡದೊಂದು ರಾಜ್ಯ, ಕತ್ತಿ ಹಿಡಿದ ವೀರನಾಗಿ ಮನಸ್ಸು ಬಂದ ಕಡೆ ತಿರುಗಬಹುದು. ಕೊನೆಗೆ ಯಾವುದೋ ರಾಕ್ಷಸನನ್ನು ಕೊಲ್ಲಬೇಕಂತೆ. ಅಳಿಯನಿಗೆ ರಾಕ್ಷಸನ ಚಿಂತೆ ಇರಲಿಲ್ಲ. ಅವನ ಕಣ್ಣು ಬಿದ್ದದ್ದು ಬೀಗಗಳ ಮೇಲೆ. ಮನೆಮನೆಗೂ ಬೇರೆ ಬೀಗ, ಒಂದೊಂದಕ್ಕೂ ಒಂದೊಂದು ಪಟ್ಟು. ಯಾರೋ ನಮ್ಮ ಕಸುಬಿನವನೇ ಕೂತು ಮಾಡಿದ್ದಾನೆ ಎಂದು ಅವನಿಗೆ ರೋಮಾಂಚನವಾಯಿತು.

“ಅಳಿಯಂದ್ರೇ, ಒಂದ್ನಿಮಿಷ,” ಕಿಟಕಿಯಿಂದ ಮಾವ ತಿರುಗಿದರು. “ಆ ಮನೇಲಿ ಯಾರಿದಾರೆ? ಬೀಗ ಮುರಿಯೋಕೆ ಮುಂಚೆ ಬಾಗಿಲು ತಟ್ಟಿ ನೋಡ್ಬಾರ್ದಾ?”

ಅಳಿಯ ತಟ್ಟಿದ. ಒಬ್ಬಳು ಮುದುಕಿ ಬಾಗಿಲು ತೆಗೆದು ಏನೋ ಅಂದಳು.

“ಏನಂದ್ಲು?”

ಆ ಭಾಷೆ ಮಾವನಿಗೆ ಬರದು, ಅಳಿಯನಿಗೆ ಅರ್ಧಂಬರ್ಧ. “ಮಗ ಯುದ್ಧಕ್ಕೆ ಹೋಗಿದಾನಂತೆ. ಸುದ್ದಿ ಇಲ್ವಂತೆ.”

ಮಾವ ಕುರ್ಚಿಯನ್ನು ಟೀವಿಯ ಮುಂದಕ್ಕೆ ಎಳೆದುಕೊಂಡರು. “ಕಾಗದಾನೂ ಬಂದಿಲ್ವಾ? ಇದೊಳ್ಳೆ ಕತೆ ಆಯ್ತಲ್ಲ. ನಡೀರಿ, ಹುಡುಕೋಣ.”

ಹುಡುಕಲು ಹನ್ನೊಂದು ದಿನ ಹಿಡಿಯಿತು. ಗುಡ್ಡದಾಚೆಯ ಕೋಟೆಯಲ್ಲಿ ಮಗ ಸಿಕ್ಕ, ಒಂದು ಕಾಗದ ಕೊಟ್ಟ. ಅದನ್ನು ಮುದುಕಿಯ ಕೈಗೆ ಮುಟ್ಟಿಸಿದ ಸಂಜೆ ಮಾವ ಒಂದು ತುತ್ತು ಹೆಚ್ಚಿಗೆ ಉಂಡರು. ಅಂದಿನಿಂದ ಅವರು ನೋಟ್‌ಬುಕ್ ಇಟ್ಟರು: ಯಾವ ಬೀದಿ, ಎಷ್ಟನೇ ಮನೆ, ಒಳಗೆ ಯಾರು, ಅವರಿಗೆ ಏನು ಕಷ್ಟ. ಅಳಿಯ ತಟ್ಟುವುದು, ಕೇಳಿದ್ದನ್ನು ಅರ್ಥ ಮಾಡಿ ಹೇಳುವುದು, ಮಾವ ಬರೆಯುವುದು. ರಾಕ್ಷಸ ಪಾಪ, ಐದು ವರ್ಷ ಆರಾಮಾಗಿ ಬದುಕಿದ್ದ. “ನಮ್ಮಪ್ಪನೂ ನನ್ನ ಗಂಡನೂ ಇಲ್ಲದ ಊರಿಗೆ ಟಪಾಲು ಹಂಚ್ತಾರೆ, ಸಂಬಳ ಮಾತ್ರ ಕೇಳ್ಬೇಡಿ,” ಎಂದು ಮಗಳು ಬೇಕರಿಯಲ್ಲಿ ಹೇಳಿ ನಗಿಸುತ್ತಿದ್ದಳು.

ಆಟದ ಎರಡನೇ ಭಾಗ ಬರುತ್ತದೆಂದು ತಿಳಿದಾಗ ಇಬ್ಬರೂ ಕಣ್ಣಲ್ಲಿ ಕಣ್ಣಿಟ್ಟು ಕಾದರು. ಹತ್ತು ಪಟ್ಟು ದೊಡ್ಡ ಊರಂತೆ. ಮಾವ ಹೊಸ ನೋಟ್‌ಬುಕ್ ತರಿಸಿ, ಗೆರೆ ಎಳೆದು, ಮನೆ ಸಂಖ್ಯೆಗೆ ಜಾಗ ಬಿಟ್ಟು ಸಿದ್ಧ ಮಾಡಿಟ್ಟುಕೊಂಡರು. ಅಳಿಯ ಹೊಸ ಪೆಟ್ಟಿಗೆಯನ್ನೂ ಆಟವನ್ನೂ ಒಟ್ಟಿಗೇ ತಂದ.

ಮೊದಲ ಸಂಜೆಯೇ ಅವನಿಗೆ ಎಡವಟ್ಟು ಕಂಡಿತು. ಊರೇನೋ ಕಣ್ಣು ಕುಕ್ಕುವಷ್ಟು ಚೆಂದ. ಆದರೆ ಮೊದಲ ಬಾಗಿಲನ್ನು ನೋಡುತ್ತಲೇ ಕಸುಬಿನ ಕಣ್ಣು ಹೇಳಿಬಿಟ್ಟಿತು: ಕೀಲು ಎಡಕ್ಕೆ, ಹಿಡಿಯೂ ಎಡಕ್ಕೆ, ಬೀಗದ ತೂತೇ ಇಲ್ಲ. ಅದು ಬಾಗಿಲಲ್ಲ, ಗೋಡೆಗೆ ಬಳಿದ ಬಣ್ಣ. ಎರಡನೆಯದೂ ಹಾಗೇ, ಮೂರನೆಯದೂ ಹಾಗೇ. ಬೀದಿಯ ಜನ ಮೂಲೆ ತಿರುಗಿದರೆ ಮಾಯ. ನಿಂತು ನೋಡೋಣವೆಂದರೆ ಬಿಡುವುದಿಲ್ಲ. ‘ಬೇಗ ನಡೆ, ರಾಜ ಕಾಯುತ್ತಿದ್ದಾನೆ’ ಎಂದು ಒಂದು ದನಿ ಕೈತೊಳೆದುಕೊಂಡು ಬೆನ್ನು ಹತ್ತಿತ್ತು. ಇದನ್ನು ಮಾಡಿದವರು ಜನ್ಮದಲ್ಲಿ ಯಾರ ಮನೆಯ ಬಾಗಿಲನ್ನೂ ತಟ್ಟಿದವರಲ್ಲ.

ಮಾವ ಮಾತ್ರ ಪೆನ್ನು ಹಿಡಿದು ಕೂತಿದ್ದರು. “ತಟ್ಟಿ ಅಳಿಯಂದ್ರೇ.”

ಗುಂಡಿ ಒತ್ತಿದರೆ ತಟ್ಟುವ ಸದ್ದೂ ಬರಲಿಲ್ಲ. ವೀರ ಗೋಡೆಗೆ ಮುಖ ಮಾಡಿ ಸುಮ್ಮನೆ ನಿಂತ.

“ಯಾಕೆ, ಯಾರೂ ಇಲ್ವಾ?”

ಆ ಮುಖ ನೋಡಿ ಅಳಿಯನಿಗೆ ನಿಜ ಹೇಳುವ ಧೈರ್ಯ ಬರಲಿಲ್ಲ. “ಪೇಟೆಗೆ ಹೋಗಿರ್ಬೇಕು ಮಾವ,” ಅಂದುಬಿಟ್ಟ.

ಆ ಒಂದು ಸುಳ್ಳಿಗೆ ಕಾಲು ಮೂಡಿದವು. ಮರುದಿನದ ಮನೆಯವರು ತೋಟಕ್ಕೆ ಹೋಗಿದ್ದರು, ಅದರಾಚೆಯವರಿಗೆ ಜ್ವರ, ಇನ್ನೊಬ್ಬರು ಮಲಗಿಬಿಟ್ಟಿದ್ದರು. ದಿನಕ್ಕೆ ಆರು ಬಾಗಿಲು, ಆರು ಸುಳ್ಳು. ಮಾತಿನ ಜಿಪುಣ ಅಂಗಡಿಯಲ್ಲಿ ಅರ ಉಜ್ಜುತ್ತಲೇ ಸಂಜೆಯ ಸುಳ್ಳುಗಳನ್ನು ಹೊಸೆಯುತ್ತಿದ್ದ. “ಹೊಸ ಪೋಸ್ಟ್‌ಮ್ಯಾನ್ ಅಂದ್ರೆ ಜನ ಬೇಗ ಬಾಗಿಲು ತೆಗೆಯಲ್ಲ,” ಎಂದು ಮಾವ ಅವನಿಗೇ ಸಮಾಧಾನ ಹೇಳುತ್ತಿದ್ದರು. “ಸ್ವಲ್ಪ ದಿನ ಹೋಗ್ಲಿ.”

ಹತ್ತೊಂಬತ್ತು ದಿನಕ್ಕೆ ಆ ಬೀದಿ ಮುಗಿಯಿತು. ಮರುದಿನ ಅಂಗಡಿಗೆ ರಜ. ಮಾವ ಸ್ನಾನಕ್ಕೆ ಹೋಗಿದ್ದಾಗ ಮೇಜು ಒರೆಸುತ್ತಿದ್ದ ಅಳಿಯನ ಕೈಗೆ ಹೊಸ ನೋಟ್‌ಬುಕ್ ಸಿಕ್ಕಿತು. ಮನೆ ಒಂದು: ಬಾಗಿಲು ಹಾಕಿದೆ, ನಾಳೆ ಮತ್ತೆ. ಮನೆ ಎರಡು: ಬಾಗಿಲು ಹಾಕಿದೆ, ನಾಳೆ ಮತ್ತೆ. ನಡುಗುವ ಅಕ್ಷರದಲ್ಲಿ, ಒಂದನ್ನೂ ಬಿಡದೆ, ನೂರ ಹದಿನಾಲ್ಕನೇ ಮನೆಯವರೆಗೂ ಅದೇ ಸಾಲು.  ಈ ಮನುಷ್ಯನನ್ನು ಇನ್ನೊಂದು ದಿನವೂ ಗೋಡೆಯ ಮುಂದೆ ನಿಲ್ಲಿಸಲು ತನ್ನಿಂದಾಗದು ಎಂದುಕೊಂಡ.

ಮಾವ ತಲೆ ಒರೆಸಿಕೊಳ್ಳುತ್ತಾ ಬಂದರು.

“ಮಾವ, ತಪ್ಪಾಯ್ತು,” ಅಂದ. “ಅವು ಬಾಗಿಲೇ ಅಲ್ಲ. ಬರೀ ಚಿತ್ರ. ಒಳಗೆ ಮನೇನೂ ಇಲ್ಲ, ಜನಾನೂ ಇಲ್ಲ. ನಾನು ಹೇಳಿದ್ದೆಲ್ಲಾ ಸುಳ್ಳು.”

ಮಾವ ನಿಧಾನಕ್ಕೆ ಕುರ್ಚಿಗೆ ಇಳಿದರು. “ಗೊತ್ತು.”

“ಗೊತ್ತಾ?”

“ಮೂವತ್ತೆಂಟು ವರ್ಷ ಬಾಗಿಲು ತಟ್ಟಿದೀನಪ್ಪಾ. ಒಳಗೆ ಜೀವ ಇದೆಯೋ ಇಲ್ವೋ ಅಷ್ಟೂ ತಿಳಿಯಲ್ವಾ? ಎರಡನೇ ದಿನವೇ ತಿಳೀತು.”

“ಮತ್ತೆ ಯಾಕೆ ಮಾವ, ಇಷ್ಟು ದಿನ...”

ಮಾವ ಟವೆಲನ್ನು ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು. “ಆಟ ಚೆನ್ನಾಗಿಲ್ಲ ಅಂತ ನಾನು ಬಾಯಿಬಿಟ್ರೆ ಅದನ್ನ ಎತ್ತಿಟ್ಟುಬಿಡ್ತೀಯ. ಆಮೇಲೆ ಮೊದಲಿನ ಹಾಗೆ ಉಂಡು ರೂಮಿಗೆ ಹೋಗ್ತೀಯ. ಆ ಒಂದು ವರ್ಷ ನಂಗೆ ತುಂಬಾ ಕಷ್ಟ ಆಗಿತ್ತು ಕಣೋ. ಅದಕ್ಕೇ ಹೆದರಿದೆ.”

ಆರು ವರ್ಷದಲ್ಲಿ ಮಾವ ಅಳಿಯನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು.  ಅಳಿಯ ಎದ್ದು ಸ್ಟೂಲು ಹಾಕಿಕೊಂಡು, ಅಟ್ಟದ ಮೇಲಿದ್ದ ಹಳೆಯ ಪೆಟ್ಟಿಗೆಯನ್ನು ಇಳಿಸಿ, ಧೂಳು ಹೊಡೆದು, ಟೀವಿಗೆ ಸಿಕ್ಕಿಸಿದ. ಅಂದು ರೂಮಿನ ಕಡೆ ಅವನು ತಿರುಗಿಯೂ ನೋಡಲಿಲ್ಲ.

ಹಳೆಯ ಊರು ಮಂಕಾಗಿ ಕಂಡಿತು. ವೀರ ನೇರವಾಗಿ ಮುದುಕಿಯ ಮನೆಗೆ ಹೋಗಿ ತಟ್ಟಿದ. ಟಕ್, ಟಕ್. ಬಾಗಿಲು ತೆರೆಯಿತು. ಮಗನ ಕಾಗದ ಮುಟ್ಟಿದ ಮೇಲೆ ಐದು ವರ್ಷದಿಂದ ಹೇಳುತ್ತಿದ್ದ ಅದೇ ಎರಡು ಮಾತನ್ನು ಅವಳು ಹೇಳಿದಳು: ಬನ್ನಿ, ಹವೆ ಚೆನ್ನಾಗಿದೆ.

“ಏನಂದ್ಲು?” ಮಾವ ಕೇಳಿದರು, ತಿಳಿದೂ ತಿಳಿದೂ.

“ಇಷ್ಟು ದಿನ ಎಲ್ಲಿ ಹೋಗಿದ್ರಿ ಅಂತ ಕೇಳ್ತಿದಾಳೆ.”

ಮಾವ ಟವೆಲಿನಿಂದ ಕಣ್ಣೊರೆಸಿಕೊಂಡು ನಕ್ಕರು. “ಎಲ್ಲೂ ಹೋಗಿರ್ಲಿಲ್ಲ, ಮನೇಲೇ ಇದ್ದೆ, ಅಳಿಯನ ಜೊತೆ ಅಂತ ಹೇಳು.”

ಅಂಥ ಮಾತು ಹೇಳಲು ಆ ಆಟದಲ್ಲಿ ಗುಂಡಿಯೇ ಇರಲಿಲ್ಲ. ಬೀಗ ರಿಪೇರಿಯವನು ಟೀವಿಯ ಕಡೆ ಸ್ವಲ್ಪ ಬಾಗಿ, ಮುದುಕಿಗೆ ಕೇಳಿಸುವ ಹಾಗೆ, ಒಂದು ಅಕ್ಷರವನ್ನೂ ಬಿಡದೆ ಬಾಯಿಬಿಟ್ಟು ಹೇಳಿದ.